ಫ್ಲಾಪಿ ಕಟ್ಟೆಯ ಪಾಸ್‌ವರ್ಡ್

ಕನಸಿನಲ್ಲಿ ಏನೋ ಕಂಡಿತು, ಎದ್ದು ನೋಡಿದರೆ ಹಾಗೇ ಆಗಿತ್ತು ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದೆದುರೇ ನಗುತ್ತಿದ್ದವಳು. ಹೆಮ್ಮರಗಾಲದಲ್ಲಿರುವ ನನ್ನ ನಾದಿನಿ ಒಮ್ಮೆ, ಕಳೆದುಹೋಗಿದ್ದ ಮೂಗುಬೊಟ್ಟು ಅಕ್ಕಿ ಡಬ್ಬದಲ್ಲಿದೆ ಎಂದು ತೀರಿಹೋದ ಅಜ್ಜಿ ಕನಸಿನಲ್ಲಿ ಬಂದು ಹೇಳಿದರು ಎಂದಳು. ಅಕ್ಕಿ ಅಳೆಯುವಾಗ ನೀನೇ ಬೀಳಿಸಿಕೊಂಡಿರುತ್ತೀಯ, ಅದು ನಿನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿತ್ತು, ಅಷ್ಟೆ ಎಂದು ನಾನು ಅರ್ಧ ಗಂಟೆ ವಾದ ಮಾಡಿದೆ. ಅವಳು ಆಮೇಲೆ ನನ್ನ ಹತ್ತಿರ ಅಂಥ ಮಾತು ಎತ್ತುವುದನ್ನೇ ಬಿಟ್ಟಳು. ಈಗ ನಾನು ಹೇಳಹೊರಟಿರುವುದನ್ನು ಓದಿ ನೀವೂ ನನ್ನ ಜೊತೆ ಅದೇ ವಾದ ಮಾಡಬಹುದು. ಮಾಡಿ. ನಾನೇ ನನ್ನ ಜೊತೆ ಎಷ್ಟೋ ಸಲ ಮಾಡಿದ್ದೇನೆ. ಮುಕ್ಕಾಲು ದಾರಿಯವರೆಗೆ ಗೆಲ್ಲುತ್ತೇನೆ. ಅಲ್ಲಿಂದ ಮುಂದೆ ದಾರಿಯೇ ಕಾಣುವುದಿಲ್ಲ.

ನಂಜನಗೂಡಿನ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವುದು ನನ್ನ ಕೆಲಸ. ಹುಟ್ಟಿ ಬೆಳೆದದ್ದು ಟಿ. ನರಸೀಪುರದಲ್ಲಿ. ಪಿಯುಸಿ ಮುಗಿದ ರಜೆಯಲ್ಲಿ ಅಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿದ್ದೆ. ಐದೇ ಕಂಪ್ಯೂಟರು. ಧೂಳು ತಾಗಬಾರದೆಂದು ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಹೋದ ಹಾಗೆ ಒಳಗೆ ಹೋಗುತ್ತಿದ್ದೆವು. ಪಾಠ ಮುಗಿದ ಮೇಲೆ ಹದಿನೈದು ನಿಮಿಷ ಆಟ ಆಡಲು ಮೇಷ್ಟರು ಬಿಡುತ್ತಿದ್ದರು. ಇಟ್ಟಿಗೆ ಒಡೆಯುವ ಆಟ, ಕಾರು ಓಡಿಸುವ ಆಟ, ಕತ್ತಲ ನೆಲಮಾಳಿಗೆಯಲ್ಲಿ ಬಾಗಿಲು ಹುಡುಕುವ ಆಟ. ಎಲ್ಲವೂ ಫ್ಲಾಪಿಯಲ್ಲಿ. ಆ ಚಪ್ಪಟೆ ಚೌಕದ ಒಳಗೆ ಅಷ್ಟೆಲ್ಲ ಹೇಗೆ ಹಿಡಿಸಿದೆ ಎಂದು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಪುಟ್ಟಸ್ವಾಮಿ ನನ್ನ ಪಕ್ಕದ ಕಂಪ್ಯೂಟರಿನವನು. ನಾನು ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಬಂದಿದ್ದರಿಂದ ಹತ್ತು ಬೆರಳಲ್ಲೂ ಹೊಡೆಯುತ್ತಿದ್ದೆ. ಅವನು ಕೊನೆಯವರೆಗೂ ಬಲಗೈಯ ಎರಡೇ ಬೆರಳಿನವನು. ಆದರೆ ಆಟದಲ್ಲಿ ಅವನನ್ನು ಯಾರೂ ಸೋಲಿಸಲಿಲ್ಲ. ಹೊತ್ತಾಯಿತು ಎಂದು ಮೇಷ್ಟರು ಮೇನ್ ಸ್ವಿಚ್ಚಿಗೆ ಕೈ ಹಾಕಿದರೆ, ಪರದೆಯಿಂದ ಕಣ್ಣು ತೆಗೆಯದೆ ಅವನು, "ಇನ್ನೊಂದಾಟ ಸಾ, ಇನ್ನೊಂದೇ ಒಂದಾಟ" ಎನ್ನುತ್ತಿದ್ದ.

ನಾನು ಮದುವೆಯಾಗಿ ನಂಜನಗೂಡಿಗೆ ಬಂದೆ. ಅವನು ನರಸೀಪುರದಲ್ಲೇ ಜೆರಾಕ್ಸ್ ಅಂಗಡಿ ಇಟ್ಟ. ಎಷ್ಟೋ ವರ್ಷಗಳ ಮೇಲೆ, ತನ್ನ ಅಟ್ಟದಲ್ಲಿ ಹಳೆಯ ಫ್ಲಾಪಿಗಳ ಒಂದು ಡಬ್ಬ ಸಿಕ್ಕಿತು ಎಂದು ಫೋನು ಮಾಡಿದ. ಹಾಗೆ ಶುರುವಾಯಿತು ನಮ್ಮ ವೆಬ್‌ಸೈಟು. ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ಕನ್ನಡದಲ್ಲಿ ಮಾತಾಡುವ ಜಾಗ. ಅದಕ್ಕೆ ಫ್ಲಾಪಿ ಕಟ್ಟೆ ಎಂದು ಹೆಸರಿಟ್ಟವನು ಅವನೇ. ಸೈಟು ಮಾಡಿದ್ದೇವೆ ಎಂದಾಗ ನಮ್ಮತ್ತೆ, ಎಲ್ಲಿ, ಮೂವತ್ತು ನಲವತ್ತಾ ಎಂದು ಕೇಳಿದ್ದರು.

ಹನ್ನೆರಡು ವರ್ಷದಲ್ಲಿ ಕಟ್ಟೆಗೆ ಆರುನೂರು ಜನ ಸೇರಿದರು. ಹಳೆಯ ಆಟವನ್ನು ಹೊಸ ಕಂಪ್ಯೂಟರಿನಲ್ಲಿ ಓಡಿಸುವುದು ಹೇಗೆ ಎಂದು ಕೇಳುವವರು, ಹೇಳುವವರು, ಹೆಸರು ಮರೆತ ಆಟವನ್ನು ವರ್ಣಿಸಿ ಇದು ಯಾವುದು ಹೇಳಿ ಎನ್ನುವವರು. ಬಸ್ ಕಂಡಕ್ಟರೊಬ್ಬರಿದ್ದರು, ಹಲ್ಲಿನ ಡಾಕ್ಟರೊಬ್ಬರಿದ್ದರು. ಕೊಳ್ಳೇಗಾಲದ ಸದಸ್ಯರೊಬ್ಬರು, ಅಪಘಾತದಲ್ಲಿ ಹೋದ ತಮ್ಮ ತಮ್ಮನ ಜೊತೆ ಚಿಕ್ಕಂದಿನಲ್ಲಿ ಆಡುತ್ತಿದ್ದ ಕಾರಿನ ಆಟದ ಬಗ್ಗೆ ಬರೆದಿದ್ದರು. ತಮ್ಮ ಹೋದ ಮೇಲೂ ಆ ಕಂಪ್ಯೂಟರಿನ ಗೆಲುವಿನ ಪಟ್ಟಿಯಲ್ಲಿ ಅವನ ಹೆಸರೇ ಮೇಲಿತ್ತಂತೆ. ತಾವು ಬೇಕೆಂದೇ ಅದಕ್ಕಿಂತ ಕಡಿಮೆ ಅಂಕಕ್ಕೆ ಆಟ ನಿಲ್ಲಿಸುತ್ತಿದ್ದರಂತೆ. ಆ ಬರಹದ ಕೆಳಗೆ ಜನ ವರ್ಷಗಟ್ಟಲೆ ತಮ್ಮ ತಮ್ಮ ಮಾತು ಸೇರಿಸುತ್ತಾ ಹೋದರು. ಅದೆಲ್ಲ ಬೇರೆ ಎಲ್ಲಿಯೂ ಇರಲಿಲ್ಲ.

ಜಗಳವಾದದ್ದು ಹೆಸರಿನ ಮೇಲೆ. ಹೊಸಬರಿಗೆ ಫ್ಲಾಪಿ ಎಂದರೇನು ಎಂದೇ ಗೊತ್ತಿರಲಿಲ್ಲ. ಹೆಸರೂ ರೂಪವೂ ಬದಲಾಗಬೇಕು, ಮೊಬೈಲಿನಲ್ಲಿ ನೆಟ್ಟಗೆ ಕಾಣಬೇಕು ಎಂದು ಬಹಳ ಸದಸ್ಯರು ಹೇಳಿದರು. ನನಗೂ ಅದು ಸರಿ ಎನ್ನಿಸಿತು. 'ಇನ್ನೊಂದಾಟ' ಎಂದು ಹೊಸ ಹೆಸರನ್ನು ಸೂಚಿಸಿದವಳು ನಾನೇ. ಪುಟ್ಟಸ್ವಾಮಿ ಖುಷಿಪಡುತ್ತಾನೆ ಎಂದುಕೊಂಡಿದ್ದೆ, ಅವನ ಬಾಯಿಂದಲೇ ಬಂದ ಮಾತಲ್ಲವೇ. ಅವನು ಫೋನಿನಲ್ಲಿ, "ಕಟ್ಟೆ ಕೆಡವಿ ಮಾಲ್ ಕಟ್ತೀನಿ ಅಂತೀಯಾ. ಕಟ್ಕೊ ಕಣಮ್ಮ. ನನ್ನ ಬುಟ್ಬುಡು" ಎಂದ. ನಾನೂ ಸುಮ್ಮನಿರಲಿಲ್ಲ. ನಿನ್ನ ಅಂಗಡಿ ಹಾಗೇ ಎಲ್ಲವೂ ಹಳೇದಾಗೇ ಇರಬೇಕಾ ನಿನಗೆ ಎಂದುಬಿಟ್ಟೆ. ಆಡಬಾರದ ಮಾತು, ಆ ದಿನಗಳಲ್ಲಿ ಅವನ ಅಂಗಡಿಗೆ ಜನ ಬರುವುದು ಕಡಿಮೆಯಾಗಿತ್ತು. ಅಲ್ಲಿಗೆ ನಮ್ಮ ಮಾತು ನಿಂತಿತು.

ನಾಲ್ಕು ತಿಂಗಳು ಕಳೆದವು. ಒಂದು ದಿನ ನರಸೀಪುರದಿಂದ ಬಂದ ಯಾರೋ, ಪುಟ್ಟಸ್ವಾಮಿಗೆ ಲಕ್ವ ಹೊಡೆದಿದೆ, ಬಲಭಾಗ ಪೂರ್ತಿ ಬಿದ್ದುಹೋಗಿದೆ, ಮಾತೂ ನಿಂತಿದೆ ಎಂದರು. ಕೂಡಲೇ ಹೋಗಬೇಕಿತ್ತು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಇವತ್ತು ನಾಳೆ ಎನ್ನುತ್ತಾ ಒಂದು ತಿಂಗಳು ದೂಡಿದೆ. ಕೊನೆಗೆ ನಾನು ಹೋದದ್ದು ಯಾವಾಗ ಎಂದು ಹೇಳಲು ನಾಚಿಕೆಯಾಗುತ್ತದೆ. ನಮ್ಮ ವೆಬ್‌ಸೈಟಿನ ನೆತ್ತಿಯ ಮೇಲೆ, ಅವಧಿ ಮುಗಿದಿದೆ, ಭಾನುವಾರ ಬೆಳಗ್ಗೆ ಎಲ್ಲವನ್ನೂ ಅಳಿಸಲಾಗುವುದು ಎಂಬ ಕೆಂಪು ಪಟ್ಟಿ ಕಾಣಿಸಿಕೊಂಡ ಮೇಲೆ.

ವಿಳಾಸ, ಜಾಗ, ಒಳಗಿನ ಅಷ್ಟೂ ಸಂಗ್ರಹ ಅವನ ಹೆಸರಿನಲ್ಲಿತ್ತು. ಒಳಗೆ ಹೋಗುವ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿದ್ದದ್ದು. ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರು ಎಂದೋ ಬದಲಾಗಿತ್ತು. ವೆಬ್‌ಸೈಟಿಗೆ ಜಾಗ ಬಾಡಿಗೆಗೆ ಕೊಟ್ಟ ಕಂಪನಿಗೆ ಪತ್ರ ಬರೆದರೆ, ಖಾತೆದಾರರೇ ಸಹಿ ಮಾಡಬೇಕು ಇಲ್ಲವೇ ಫೋನಿನಲ್ಲಿ ಮಾತಾಡಬೇಕು ಎಂಬ ಉತ್ತರ ಬಂತು. ಅವನಿಗೆ ಎರಡೂ ಆಗುತ್ತಿರಲಿಲ್ಲ.

ಬುಧವಾರ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ. ಚೀಲದಲ್ಲಿ ಸೇಬಿನ ಜೊತೆಗೆ ಶಾಲೆಯ ಒಂದು ಕೀಬೋರ್ಡ್ ಇತ್ತು. ಅವನ ಹೆಂಡತಿ ಮಂಜುಳಾ ಅವನನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬು ಕೊಟ್ಟು ಒರಗಿಸಿದ್ದಳು. ಬಲಗೈ ಹೊದಿಕೆಯ ಮೇಲೆ ಯಾರೋ ಮರೆತು ಇಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ನನ್ನನ್ನು ನೋಡಿ ಅವನ ಕಣ್ಣು ಅರಳಿತು, ಅದು ನನಗೆ ಚೆನ್ನಾಗಿ ನೆನಪಿದೆ. ನಾನು ಒಂದೆರಡು ಮಾತಾಡಿ, ಪರಿಸ್ಥಿತಿ ಹೀಗಾಗಿದೆ ಎಂದು ವಿವರಿಸಿ, ಕೀಬೋರ್ಡನ್ನು ಅವನ ತೊಡೆಯ ಮೇಲಿಟ್ಟೆ. ಎಡಗೈಯಿಂದ ಒಂದೊಂದೇ ಅಕ್ಷರ ತೋರಿಸಿದರೂ ಸಾಕು ಎಂದೆ. ಅವನು ಕೀಬೋರ್ಡನ್ನು ನೋಡಿದ, ನನ್ನನ್ನು ನೋಡಿದ. ಕಣ್ಣಲ್ಲಿ ನೀರು ತುಂಬಿತು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅವನಿಗೆ ಅಕ್ಷರ ಗುರುತು ಸಿಗುತ್ತಿರಲಿಲ್ಲವೋ, ನಾನು ಬಂದ ಕಾರಣ ತಿಳಿದು ನೋವಾಯಿತೋ, ಹೇಗೆ ಹೇಳಲಿ. ಕೀಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ವಾಪಸು ಬರುವ ಬಸ್ಸಿನಲ್ಲಿ, ಇನ್ನು ಅವನನ್ನು ಅದರ ಬಗ್ಗೆ ಕೇಳುವುದಿಲ್ಲ, ಕಟ್ಟೆ ಹೋದರೆ ಹೋಗಲಿ ಎಂದು ತೀರ್ಮಾನಿಸಿದೆ.

ಆದರೂ ಕೈ ಸುಮ್ಮನಿರುವುದಿಲ್ಲವಲ್ಲ. ಗುರುವಾರ, ಶುಕ್ರವಾರ ನನಗೆ ತೋಚಿದ್ದನ್ನೆಲ್ಲ ಒತ್ತಿ ನೋಡಿದೆ. ಮಂಜುಳಾಳ ಹೆಸರು, ಮಗಳ ಹೆಸರು, ಅಂಗಡಿಯ ಹೆಸರು, ಮನೆದೇವರು. ಐದು ಸಲ ತಪ್ಪಿದರೆ ಒಂದು ದಿನ ಬೀಗ ಬೀಳುತ್ತಿತ್ತು. ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದಿದೆ ಎಂದು ಕಂಪ್ಯೂಟರ್ ಕೊಠಡಿಯಲ್ಲೇ ಉಳಿದೆ. ಅಷ್ಟರಲ್ಲಿ ಆ ದಿನದ ನಾಲ್ಕು ಅವಕಾಶ ಕಳೆದಿದ್ದೆ. ಉಳಿದದ್ದು ಒಂದು. ಅದೂ ತಪ್ಪಿದರೆ ಬೀಗ ತೆರೆಯುವ ಹೊತ್ತಿಗೆ ಭಾನುವಾರದ ಬೆಳಗು ದಾಟಿರುತ್ತಿತ್ತು.

ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಬಟ್ಟೆ ಹೊದಿಸಿದ ಇಪ್ಪತ್ತು ಕಂಪ್ಯೂಟರುಗಳು ಸಾಲಾಗಿ ಮಲಗಿದ ಮಕ್ಕಳಂತೆ ಕಾಣುತ್ತಿದ್ದವು. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ದೂರದಲ್ಲಿ ಚಾಮರಾಜನಗರದ ಕಡೆಗೆ ಹೋಗುವ ರೈಲು ಕೂಗಿತು. ಕಪಿಲೆಯ ಕಡೆಯಿಂದ ಗಾಳಿ ಬರುತ್ತಿತ್ತು, ಒಗೆದ ಬಟ್ಟೆಯ ವಾಸನೆಯ ತಣ್ಣನೆಯ ಗಾಳಿ. ಮೊಬೈಲಿನ ಇಂಟರ್ನೆಟ್ಟಿಗೆ ಜೋಡಿಸಿದ್ದ ನನ್ನ ಲ್ಯಾಪ್‌ಟಾಪು ತೆರೆದೇ ಇತ್ತು. ಮೇಜಿನ ಮೇಲೆ ಕೈ ಮಡಿಸಿ ತಲೆ ಇಟ್ಟೆ. ನಿದ್ದೆ ಹೋದೆನೋ ಇಲ್ಲವೋ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಬಿಸಿಲಿನ ಆ ಚೌಕ ನನಗೆ ಕಾಣುತ್ತಲೇ ಇತ್ತು. ಅದು ಮೆಲ್ಲಗೆ ಕೆಂಪಾಯಿತು. ನೋಡಿದರೆ ಅದು ನಮ್ಮ ಶಾಲೆಯ ನೆಲವಲ್ಲ, ನರಸೀಪುರದ ಆ ಮಹಡಿಯ ಕೆಂಪು ಗಾರೆಯ ನೆಲ.

ಐದು ಕಂಪ್ಯೂಟರುಗಳಲ್ಲಿ ಒಂದರ ಮುಂದೆ ಪುಟ್ಟಸ್ವಾಮಿ ಕೂತಿದ್ದ. ಹುಡುಗನಾಗಿ ಅಲ್ಲ, ಬುಧವಾರ ನಾನು ನೋಡಿದ ಪುಟ್ಟಸ್ವಾಮಿಯೇ, ಅದೇ ಬನಿಯನ್ನು, ಅದೇ ನರೆತ ಗಡ್ಡ. ನಾನು ಅವನ ಪಕ್ಕದಲ್ಲಿ ನನ್ನ ಜಾಗದಲ್ಲಿದ್ದೆ. ಅದರಲ್ಲಿ ವಿಚಿತ್ರವೇನೂ ಅನ್ನಿಸಲಿಲ್ಲ. ಅವನಿಗೆ ಏನಾದರೂ ಹೇಳಬೇಕು, ಅವನನ್ನು ಏನಾದರೂ ಕೇಳಬೇಕು ಎಂದೂ ತೋರಲಿಲ್ಲ. ಎಷ್ಟೋ ದಿನದಿಂದ ಹೊತ್ತಿದ್ದ ಏನನ್ನೋ ಕೆಳಗಿಳಿಸಿದಂತೆ ಹಗುರವಾಗಿ, ಸುಮ್ಮನೆ ಕೂತಿದ್ದೆ. ಕಿಟಕಿಯ ಬೆಳಕು ಅವನ ಪರದೆಯ ಮೇಲೆ ಬಿದ್ದು ಅದು ಬರೀ ಬಿಳುಪಾಗಿತ್ತು, ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನು ಬಲಗೈ ಎತ್ತಿದ. ಎರಡು ಬೆರಳು. ಅವನದೇ ರೀತಿ: ಒಂದು ಅಕ್ಷರ ಹುಡುಕುವುದು, ಹೊಡೆಯುವುದು, ಮತ್ತೆ ಹುಡುಕುವುದು. ಹತ್ತು ಸಲ ಬೆರಳು ಬಿತ್ತು. ಆಮೇಲೆ ಎಂಟರ್ ಕೀಲಿಯನ್ನು ಜೋರಾಗಿ ಕುಟ್ಟಿದ. ಹಾಗೆ ಕುಟ್ಟಬೇಡ ಎಂದು ಮೇಷ್ಟರು ಅವನನ್ನು ದಿನಾ ಬೈಯುತ್ತಿದ್ದರು.

ಆ ಸದ್ದಿಗೆ ತಲೆ ಎತ್ತಿದೆ. ಕರೆಂಟು ಬಂದಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ದಾಟಿ ಹತ್ತು ನಿಮಿಷ. ನನ್ನ ಬಲಗೈ ಮೇಜಿನ ಮೇಲೆ ಆಡುತ್ತಿತ್ತು. ಎರಡೇ ಬೆರಳು. ಹತ್ತು ಬೆರಳಿನಲ್ಲಿ ಹೊಡೆಯುವ ನಾನು ಜೀವಮಾನದಲ್ಲಿ ಹಾಗೆ ಹೊಡೆದವಳಲ್ಲ. ಯೋಚಿಸಿದರೆ ಕೆಡುತ್ತದೆ ಎಂದು ಹೇಗೋ ತಿಳಿಯಿತು. ಯಾವ ಅಕ್ಷರ ಎಂದು ನೋಡದೆ, ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಆ ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಹತ್ತು ಚುಕ್ಕೆ ಮೂಡಿದವು. ಎಂಟರ್ ಒತ್ತಿದೆ.

ತೆರೆಯಿತು.

ಮೊದಲು ಮಾಡಿದ್ದು ಅವಧಿಯನ್ನು ಮುಂದುವರಿಸಿದ್ದು. ಕೆಂಪು ಪಟ್ಟಿ ಹೋದ ಮೇಲೆ ಒಳಗೆ ಏನಿದೆ ಎಂದು ನೋಡಿದೆ. ನಮ್ಮ ಹಳೆಯ ವಿಳಾಸದ ಕೆಳಗೆ ಇನ್ನೊಂದು ವಿಳಾಸವಿತ್ತು. ಇನ್ನೊಂದಾಟ. ಅವನೇ ಕೊಂಡು, ನೋಂದಾಯಿಸಿ, ಹಳೆಯ ಬರಹಗಳೆಲ್ಲ ಅಲ್ಲಿ ಬರುವ ಹಾಗೆ ಅರ್ಧ ಜೋಡಿಸಿಟ್ಟಿದ್ದ. ಅದನ್ನು ಕೊಂಡ ದಿನವೇ ಪಾಸ್‌ವರ್ಡನ್ನೂ ಬದಲಾಯಿಸಿದ್ದಾನೆ ಎಂದು ಪಕ್ಕದಲ್ಲಿ ದಿನಾಂಕ ತೋರಿಸುತ್ತಿತ್ತು. ಲೆಕ್ಕ ಹಾಕಿದೆ. ನಮ್ಮ ಜಗಳವಾಗಿ ಮೂರು ತಿಂಗಳ ಮೇಲೆ, ಅವನಿಗೆ ಲಕ್ವ ಹೊಡೆಯುವ ಹದಿನೈದು ದಿನ ಮೊದಲು. ಜೋಡಿಸಿ ಮುಗಿಸಿ ನನಗೆ ಫೋನು ಮಾಡಬೇಕೆಂದಿದ್ದನೋ ಏನೋ. ಖಾಲಿ ಕೊಠಡಿಯಲ್ಲಿ ಕೂತು ಬಹಳ ಹೊತ್ತು ಅತ್ತೆ.

ಸಂಜೆ ಮಂಜುಳಾಗೆ ಫೋನು ಮಾಡಿದೆ. ಕೆಲಸ ಆಯಿತು, ಪುಟ್ಟಸ್ವಾಮಿಗೆ ಹೇಳು ಎನ್ನಬೇಕೆಂದಿದ್ದೆ. ಬಾಯಿ ತೆರೆಯುವ ಮೊದಲೇ ಅವಳು, "ಅಕ್ಕ, ಇವ್ರ ಬಲಗೈ ಆಡ್ತು ಕಣಕ್ಕ ಇವತ್ತು" ಎಂದಳು. ನಾನು ಯಾವಾಗ ಎಂದು ಕೇಳಿದೆ.

"ಮೂರು ಗಂಟೆ ಆಗಿತ್ತೇನೋ. ನಿದ್ದೆ ಮಾಡ್ತಾವ್ರೆ ಅಂದ್ಕಂಡಿದ್ದೆ. ನೋಡ್ತೀನಿ, ಎರಡು ಬೆರಳು ಹೊದ್ದಿಕೆ ಮ್ಯಾಲೆ ಕುಟ್ತಾ ಅವೆ, ಟೈಪು ಒಡ್ದಂಗೆ. ಪಕ್ಕದ್ಮನೆಯೋರ್ನ ಕರ್ಕಬರೋ ಅಷ್ಟ್ರಲ್ಲಿ ನಿಂತೋಯ್ತು."

ವೆಬ್‌ಸೈಟು ಉಳಿಯಿತು ಎಂದಷ್ಟೇ ಹೇಳಿ ಫೋನು ಇಟ್ಟೆ. ಡಾಕ್ಟರು ಆಮೇಲೆ, ನರಗಳು ಚೇತರಿಸಿಕೊಳ್ಳುವಾಗ ಹಾಗೆ ಒಮ್ಮೊಮ್ಮೆ ಮಿಡಿಯುತ್ತವೆ, ಒಳ್ಳೆಯ ಸೂಚನೆ ಎಂದರಂತೆ. ಆದರೆ ಅದಾದ ಮೇಲೆ ಆ ಬೆರಳುಗಳು ಇವತ್ತಿನವರೆಗೂ ಆಡಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ಇರುವವರು. ನಾನು ನಾದಿನಿಗೆ ಹೇಳಿದ್ದ ಮಾತನ್ನೇ ನನಗೆ ಹೇಳಿದರು. ಅವನು ಟೈಪು ಮಾಡುವುದನ್ನು ಆ ತರಬೇತಿ ಕೇಂದ್ರದಲ್ಲಿ ದಿನಾ ಪಕ್ಕದಲ್ಲಿ ಕೂತು ನೋಡಿದ್ದೀಯ, ಕಣ್ಣು ಮರೆತದ್ದನ್ನು ಕೈ ನೆನಪಿಟ್ಟುಕೊಂಡಿತ್ತು ಎಂದರು. ಪಾಸ್‌ವರ್ಡ್ ಬದಲಾದದ್ದು ನಮ್ಮ ಮಾತು ನಿಂತ ಮೇಲೆ ಎಂದೆ. ಅವರು ಅನ್ನ ಕಲಸುತ್ತಾ, ಹಾಗಾದರೆ ಅದೇ ಪಾಸ್‌ವರ್ಡನ್ನು ಮೊದಲು ಬೇರೆ ಎಲ್ಲಿಗೋ ಇಟ್ಟಿದ್ದಿರಬೇಕು, ನೀನು ಆಗ ನೋಡಿರುತ್ತೀಯ ಎಂದರು. ಇರಬಹುದು. ಇಲ್ಲವೆಂದು ನಾನು ಹೇಗೆ ಸಾಧಿಸಲಿ. ಲ್ಯಾಪ್‌ಟಾಪಿನಲ್ಲಿ ಉಳಿದುಕೊಂಡಿದ್ದ ಆ ಹತ್ತು ಅಕ್ಷರಗಳನ್ನು ಆಮೇಲೆ ಕಾಗದದ ಮೇಲೆ ಬರೆದು ನೋಡಿದ್ದೇನೆ. ಹೆಸರಲ್ಲ, ಊರಲ್ಲ, ಯಾವ ಆಟದ ಹೆಸರೂ ಅಲ್ಲ. ನಡುವೆ ಮೂರು ಅಂಕಿಗಳಿವೆ, ಅವು ಯಾವ ವರ್ಷಕ್ಕೂ ಯಾವ ಮನೆ ನಂಬರಿಗೂ ಹೊಂದುವುದಿಲ್ಲ. ಊಹಿಸಿ ಹೊಡೆಯುವಂಥದ್ದಂತೂ ಅದಲ್ಲ.

ವೆಬ್‌ಸೈಟು ಹೊಸ ಹೆಸರಿನಲ್ಲಿ ಶುರುವಾಯಿತು. ಅವನು ಅರ್ಧ ಜೋಡಿಸಿದ್ದನ್ನು ನಾನು ಪೂರ್ತಿ ಮಾಡಿದೆ. ಎಲ್ಲರೂ ಕೂತು ಹರಟುವ ಪುಟಕ್ಕೆ ಮಾತ್ರ ಕಟ್ಟೆ ಎಂದೇ ಹೆಸರಿಟ್ಟೆ. ಕೊಳ್ಳೇಗಾಲದವರ ಬರಹವನ್ನು ಮೊಬೈಲಿನಲ್ಲಿ ಓದಿದ ಕಾಲೇಜು ಹುಡುಗಿಯೊಬ್ಬಳು, ಆ ಆಟ ಎಲ್ಲಿ ಸಿಗುತ್ತದೆ ಎಂದು ಅವರನ್ನು ಕೇಳಿದಳು. ಅವರೇ ಕೂತು ಅವಳಿಗೆ ಕಲಿಸಿದರು.

ಪುಟ್ಟಸ್ವಾಮಿಯನ್ನು ನೋಡಲು ಈಗ ಎರಡು ವಾರಕ್ಕೊಮ್ಮೆ ಹೋಗುತ್ತೇನೆ. ಒಂದು ವರ್ಷದ ಹೊತ್ತಿಗೆ ಅವನಿಗೆ ಅಲ್ಲೊಂದು ಇಲ್ಲೊಂದು ಮಾತು ಬರತೊಡಗಿತು. ಪ್ರತಿ ಮಾತಿಗೂ ಬಾವಿಯಿಂದ ನೀರು ಸೇದಿದಷ್ಟು ಶ್ರಮ. ಹಾಗೊಂದು ಮಧ್ಯಾಹ್ನ ಮಂಜುಳಾ ಕಾಫಿ ತರಲು ಒಳಗೆ ಹೋಗಿದ್ದಾಗ, ಅವನಿಗೆ ನಮ್ಮ ಹೊಸ ಪುಟಗಳನ್ನು ಟ್ಯಾಬಿನಲ್ಲಿ ತೋರಿಸುತ್ತಿದ್ದೆ. ಎಡಗೈ ಬೆರಳಿನಿಂದ ಸರಿಸಿ ಸರಿಸಿ ನೋಡಿದ. ಬಹಳ ದಿನದಿಂದ ಗಂಟಲಲ್ಲಿದ್ದ ಪ್ರಶ್ನೆ ಆಗ ತಾನಾಗಿ ಹೊರಗೆ ಬಂತು. ಆ ಶನಿವಾರ ನಿನ್ನ ಬಲಗೈ ಆಡಿತಂತಲ್ಲ, ಅದು ನೆನಪಿದೆಯಾ ಎಂದೆ.

ನಾನೇನೋ ತಮಾಷೆ ಮಾಡುತ್ತಿದ್ದೇನೆ ಎಂಬ ಹಾಗೆ ನೋಡಿದ.

"ನೀನೇಯ... ಬಂದಿದ್ಯಲ್ಲ," ಎಂದ.

ಅವನು ಬುಧವಾರದ ಮಾತು ಹೇಳುತ್ತಿದ್ದಾನೆ ಎಂದುಕೊಂಡೆ. ಅದು ಕೀಬೋರ್ಡ್ ತಂದಿದ್ದ ದಿನ, ನಾನು ಕೇಳುತ್ತಿರುವುದು ಅದಾದ ಮೇಲಿನದು ಎಂದು ಬಿಡಿಸಿ ಹೇಳಿದೆ. ಅವನು ಗೊತ್ತು ಎಂಬಂತೆ ತಲೆಯಾಡಿಸಿದ. ಅವನಿಗೆ ಎರಡೂ ಬೇರೆ ಬೇರೆಯಾಗಿಯೇ ನೆನಪಿದ್ದವು. ಎಡಗೈಯಿಂದ ತನ್ನ ಪಕ್ಕದ ಜಾಗವನ್ನು, ಮಂಚದ ಅಂಚನ್ನು ತಟ್ಟಿ ತೋರಿಸಿದ.

"ನೀನು... ಇಲ್ಲಿ ಕುಂತಿದ್ದೆ. ಅವತ್ತು... ಏನೂ ಕೇಳ್ನಿಲ್ಲ ನೀನು." ಉಸಿರು ತೆಗೆದುಕೊಂಡ. "ಅದ್ಕೇ... ಕೊಟ್ಟೆ."

ಕಾಫಿ ಹಿಡಿದು ಬಂದ ಮಂಜುಳಾ ಅದನ್ನು ಕೇಳಿಸಿಕೊಂಡಳು. ಅವತ್ತು ಯಾರೂ ಬಂದಿರಲಿಲ್ಲ, ಬಾಗಿಲ ಚಿಲಕ ತಾನೇ ಹಾಕಿದ್ದೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅವರಿಗೆ ಹೀಗೆ ಒಮ್ಮೊಮ್ಮೆ ಕಲಸಿಹೋಗುತ್ತದೆ ಎಂಬ ಅರ್ಥದಲ್ಲಿ. ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಎಂದು ನನಗೆ ಗೊತ್ತು. ಶಾಲೆಯ ಕಾವಲುಗಾರನಿಗೆ ಗೊತ್ತು. ನಂಜನಗೂಡಿನಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಬರಲು ಎಷ್ಟು ಹೊತ್ತು ಬೇಕು ಎಂಬುದೂ ಗೊತ್ತು.

ಪುಟ್ಟಸ್ವಾಮಿ ನನ್ನ ಮುಖವನ್ನೇ ನೋಡುತ್ತಿದ್ದ, ನಾನು ಹೌದು ಎನ್ನುವುದನ್ನು ಕಾಯುತ್ತಿದ್ದವನಂತೆ.

ಹೂಂ, ಬಂದಿದ್ದೆ ಎಂದೆ. ಅವನ ಸಮಾಧಾನಕ್ಕೆ ಹೇಳಿದ ಸುಳ್ಳು ಅದು ಎಂದು ಬಸ್ಸು ಹತ್ತುವವರೆಗೂ ಅಂದುಕೊಂಡಿದ್ದೆ. ಈಗ ಅದು ಸುಳ್ಳೆಂದು ಹೇಳಲು ನನಗೆ ಆಗುವುದಿಲ್ಲ.